ಅಕ್ಕನ ಎಡಗೈ

ಇಪ್ಪತ್ತೆರಡು ವರ್ಷದಿಂದ ನಾನು ಅಕ್ಯುಪಂಕ್ಚರ್ ಮಾಡುತ್ತಿದ್ದೇನೆ. ಊರಿನ ಸೊಂಟ, ಮಂಡಿ, ಕುತ್ತಿಗೆಗಳೆಲ್ಲ ನನ್ನ ಸೂಜಿಗೆ ಶರಣಾಗಿವೆ. ಶರಣಾಗದವಳು ನನ್ನ ಅಕ್ಕ ಒಬ್ಬಳೇ. ಹಿತ್ತಲ ಗಿಡ ಮದ್ದಲ್ಲ, ಗೊತ್ತಲ್ಲ. ಹೆಡ್‌ಮಿಸ್ ಆಗಿ ನಿವೃತ್ತಳಾದವಳು. ನಿನ್ನ ಗುಂಡುಪಿನ್ನುಗಳನ್ನು ನೋಟಿಸ್ ಬೋರ್ಡಿಗೆ ಚುಚ್ಚು ಎಂದು ಹಂಗಿಸುತ್ತಿದ್ದಳು.

ಅಂಥವಳ ಎಡಸ್ತನದಲ್ಲಿ ಕ್ಯಾನ್ಸರ್ ಗಡ್ಡೆ ಸಿಕ್ಕಿತು. ಆಪರೇಷನ್ ಆಯಿತು, ಆರು ಕೀಮೋ ಎಂದರು. ಮೊದಲನೆಯದಕ್ಕೇ ವಾಂತಿ ಮಾಡಿ ಮಾಡಿ ಹಣ್ಣಾದಳು. ಎರಡನೆಯದು ಮುಗಿದ ಸಂಜೆ ಬೇರೆ ದಾರಿ ಕಾಣದೆ ನನ್ನ ಮುಂದೆ ಕೈ ಚಾಚಿದಳು. ಮಣಿಕಟ್ಟಿನ ಒಳಗಡೆ, ಗೆರೆಯಿಂದ ಮೂರು ಬೆರಳು ಮೇಲೆ, ವಾಂತಿಗೆಂದೇ ಒಂದು ಜಾಗವಿದೆ. ನಮ್ಮ ಗುರುಗಳು ಕಲಿಸಿದಂತೆ ಎರಡೂ ಕೈಗೆ ಸೂಜಿ ಹಾಕಿದೆ. ಸ್ವಲ್ಪ ಹೊತ್ತಿಗೆ ಅಕ್ಕ ಹಸಿವು ಎಂದಳು.

ವಾರ ಕಳೆದ ಮೇಲೆ ಬಾಂಬು ಹಾಕಿದಳು. ಇನ್ನು ಕೀಮೋಗೆ ಹೋಗುವುದಿಲ್ಲ, ನಿನ್ನ ಸೂಜಿಯೇ ಸಾಕು ಅಂತ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಎರಡು ದಿನ ಆ ಮಾತನ್ನೇ ಮೆಲುಕು ಹಾಕಿದೆ. ಭಾವ ಮಾತ್ರ ಮುಖ ಬಾಡಿಸಿಕೊಂಡು, ಈಗ ಆಕೆ ನಿನ್ನ ಮಾತೊಂದನ್ನೇ ಕೇಳೋದು, ದಯವಿಟ್ಟು ಆಸ್ಪತ್ರೆಯಲ್ಲಿ ವಿಚಾರಿಸಿಕೊಂಡು ಬಾ ಎಂದರು.

ಜಗಳಕ್ಕೆ ಬೇಕಾದ ಪಾಯಿಂಟುಗಳನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡೇ ಹೋದೆ. ಕೀಮೋ ರೂಮಿನ ನರ್ಸ್, ಕನ್ನಡಕವನ್ನು ಹಣೆಗೇರಿಸಿಕೊಂಡಿದ್ದ ಹೆಂಗಸು, ಜಗಳಕ್ಕೇ ಬರಲಿಲ್ಲ. ಅಕ್ಕನ ಫೈಲು ಬಿಡಿಸಿ ಸಮಾಧಾನವಾಗಿ ಹೇಳಿದರು: ಕಂಡ ಗಡ್ಡೆಯನ್ನು ಕತ್ತರಿಸಿ ತೆಗೆದಾಗಿದೆ, ಕಣ್ಣಿಗೆ ಕಾಣದೆ ತಪ್ಪಿಸಿಕೊಂಡದ್ದು ಏನಾದರೂ ಇದ್ದರೆ ಅದನ್ನು ಹುಡುಕಿ ಕೊಲ್ಲುವುದಕ್ಕೆ ಕೀಮೋ, ನಡುವೆ ಬಿಡುವು ಕೊಡುವುದು ರಕ್ತ ಚೇತರಿಸಿಕೊಳ್ಳಲಿ ಎಂದು. ನನ್ನ ಚೀಟಿ ಮೆಲ್ಲಗೆ ಪರ್ಸಿನೊಳಗೆ ಹೋಯಿತು.

ವಾಂತಿಗೆ ಸೂಜಿ ಹಾಕಿದ್ದನ್ನು ಹೇಳಿದೆ. ಯಾವ ಕೈಗೆ ಹಾಕುತ್ತೀರಿ ಎಂದು ಕೇಳಿದರು. ಎರಡಕ್ಕೂ ಎಂದೆ, ಜಂಬದಿಂದಲೇ. ಕನ್ನಡಕ ಮೂಗಿಗೆ ಇಳಿಯಿತು.

"ಎಡಗೈ ಬೇಡ. ಆ ಕಡೆ ಕಂಕುಳಿನ ಗ್ರಂಥಿ ತೆಗೆದಿದ್ದಾರೆ. ಸೋಂಕಾದ್ರೆ ಕೈ ಊದಿಕೊಳ್ಳತ್ತೆ, ಆಮೇಲೆ ಇಳಿಯೋದು ಕಷ್ಟ. ನಾವು ಬಿಪಿ ಕೂಡ ಆ ಕೈಯಲ್ಲಿ ನೋಡಲ್ಲ."

ಬಲಗೈಗೂ ರಕ್ತದ ರಿಪೋರ್ಟ್ ನೋಡಿ, ಡಾಕ್ಟರನ್ನು ಕೇಳಿಯೇ ಹಾಕಬೇಕಂತೆ. ನಿಮ್ಮಿಂದ ವಾಂತಿ ಕಮ್ಮಿಯಾಗಿ ಅವರು ಆರೂ ಕೀಮೋ ಮುಗಿಸಿದರೆ ನಮಗೂ ಖುಷಿ ಎಂದು ಬೇರೆ ಸೇರಿಸಿದರು.

ಅಕ್ಕನ ನಾಲಿಗೆಯ ಬಣ್ಣ ನೋಡಿದ್ದೆ, ನಿದ್ದೆ ಹೇಗಿದೆ ಎಂದು ಕೇಳಿದ್ದೆ. ಕಂಕುಳಲ್ಲಿ ಏನು ತೆಗೆದರು ಎಂದು ಕೇಳಿರಲಿಲ್ಲ.

ಮನೆಗೆ ಬಂದರೆ ಅಕ್ಕ ಸೂಜಿಗೆಂದು ಎರಡೂ ತೋಳಿನ ಬಟ್ಟೆ ಮೇಲಕ್ಕೆ ಮಡಿಚಿಕೊಂಡು ಸಿದ್ಧವಾಗಿ ಕೂತಿದ್ದಳು. ಮೊದಲು ಎಡಗೈಯನ್ನು ಮೊಣಕೈವರೆಗೂ ಒತ್ತಿ ನೋಡಿದೆ. ಊತವಿರಲಿಲ್ಲ. ಹೋದ ಜೀವ ಬಂದಂತಾಯಿತು. ಆ ಕೈಯನ್ನು ಅವಳ ಮಡಿಲಲ್ಲೇ ಇಟ್ಟೆ.

"ಅಕ್ಕಾ, ನನ್ನ ಸೂಜಿ ವಾಂತಿ ನಿಲ್ಸತ್ತೆ. ಕ್ಯಾನ್ಸರ್ ನಿಲ್ಸಲ್ಲ. ಈ ಕೈಗೆ ಹಾಕಿದ್ದೂ ತಪ್ಪು. ನಂಗೆ ಗೊತ್ತಿರ್ಲಿಲ್ಲ."

ಇನ್ನು ಕೀಮೋನೂ ಬೇಡ, ನೀನೂ ಬೇಡ ಎಂದುಬಿಟ್ಟರೆ ಏನು ಗತಿ ಎಂದು ಹೆದರಿ ನಾನು ಅತ್ತೇಬಿಟ್ಟೆ. ಅಕ್ಕ ತಪ್ಪು ಉತ್ತರ ಕೊಟ್ಟ ಮಕ್ಕಳನ್ನು ನೋಡುವ ಹಾಗೆ ನನ್ನನ್ನು ನೋಡಿದಳು.

"ಹುಟ್ಟಿದಾಗಿನಿಂದ ಮೊದಲನೇ ಸಲ ಗೊತ್ತಿಲ್ಲ ಅಂದೆ ನೀನು. ಇನ್ನು ನಿನ್ನ ಮಾತು ನಂಬಬಹುದು," ಎಂದಳು. "ಕೀಮೋ ಸೋಮವಾರ ತಾನೆ? ಎಷ್ಟು ಗಂಟೆಗೆ ಹೊರಡೋಣ?"