ಸೂಜಿಹಕ್ಕಿಯ ಸಂತಾಪ ಸಭೆ

ನಮ್ಮ ಮಾವ ಹಟಮಾರಿ ಎಂಬುದು ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡ ಮಾತು. ಹಿಂದಿನಿಂದ ಕರೆದರೆ ತಿರುಗಿ ನೋಡುವವರಲ್ಲ. ಎದುರಿಗೆ ಹೋಗಿ ನಿಂತು ಕೇಳಿದರೆ ಮಾತ್ರ ಉತ್ತರ. "ಬೇಕೂಂತಲೇ ಮಾಡ್ತಾರೆ, ನನಗೆ ಗೊತ್ತಿಲ್ವಾ?" ಎಂದು ಅತ್ತೆ ಗೊಣಗದ ದಿನವಿಲ್ಲ. ನಾನೂ ಹಾಗೆಯೇ ನಂಬಿದ್ದೆ. ನಾನು ಓಡಿಸುವುದು ಸ್ಕೂಲ್ ವ್ಯಾನು. ಕರೆದರೆ ಓಗೊಡದವರು ನನಗೆ ಹೊಸಬರೇನಲ್ಲ.

ಮಾವ ದುಡಿದದ್ದು ಬಟ್ಟೆ ಗಿರಣಿಯಲ್ಲಿ, ಮಗ್ಗಗಳ ನಡುವೆ. ಅಲ್ಲಿನ ಗದ್ದಲದಲ್ಲಿ ಪಕ್ಕದವನು ಕಿರುಚಿದರೂ ಕೇಳಿಸುತ್ತಿರಲಿಲ್ಲವಂತೆ. ಹಾಗಾಗಿ ತುಟಿ ನೋಡಿ ಮಾತು ತಿಳಿಯುವುದನ್ನು ಎಲ್ಲರೂ ಕಲಿತಿದ್ದರು. ನಿವೃತ್ತರಾದ ಮೇಲೆ ಆ ಜೊತೆಗಾರರೆಲ್ಲ ಸೇರಿ ಊರಾಚೆಯ ಜೌಗಿಗೆ ಗಂಟುಬಿದ್ದರು. ಜೌಗು ಎಂದರೆ ಕೆಸರು, ಆಳೆತ್ತರದ ಜೊಂಡು, ನಡುವೆ ಒಂದಿಷ್ಟು ನೀರು, ಹೇಳಲಾರದಷ್ಟು ಸೊಳ್ಳೆ. ಕೆಸರಿನ ಮೇಲೆ ಹಲಗೆಯ ದಾರಿ ಹಾಕಿದವರು ಇವರೇ. ದಾರಿಯ ಕೊನೆಯಲ್ಲಿ ಹಕ್ಕಿ ನೋಡಲು ಮರದ ಕೋಣೆ ಕಟ್ಟಿದವರೂ ಇವರೇ. ಅದಕ್ಕೊಂದು ಸಂಘ, ಮಾವ ಅಧ್ಯಕ್ಷರು, ಗಿರಣಿಯಲ್ಲಿ ಮೇಸ್ತ್ರಿಯಾಗಿದ್ದವರು ಕಾರ್ಯದರ್ಶಿ. ಹಕ್ಕಿ ನೋಡುವಾಗ ಮಾತಾಡಬಾರದು ಎಂಬ ನಿಯಮ ಬೇರೆಯವರಿಗೆ ಶಿಕ್ಷೆ, ಇವರಿಗೆ ಲೆಕ್ಕಕ್ಕೇ ಇಲ್ಲ. ನೀರಿನ ಆ ದಡದಲ್ಲಿ ಒಬ್ಬರು, ಈ ದಡದಲ್ಲಿ ಒಬ್ಬರು ಕುಳಿತು, ಒಂದು ಚೂರೂ ಸದ್ದಿಲ್ಲದೆ, ಊರಿನವರ ಮನೆಮುರುಕು ಸುದ್ದಿಯನ್ನೆಲ್ಲ ಆಡಿಕೊಳ್ಳುತ್ತಿದ್ದರು.

ಆ ಜೊಂಡಿನಲ್ಲಿ ಒಂದು ಹಕ್ಕಿ ಇತ್ತು. ಹೆಬ್ಬೆರಳಿನಷ್ಟು ಗಾತ್ರ, ಕೆಸರಿನದೇ ಬಣ್ಣ, ಕಣ್ಣಿಗೆ ಬೀಳುವುದು ಅಪರೂಪ. ಅದರ ದನಿ ಬಹಳ ಸಣ್ಣದು, ಚೂಪು. ಅದಕ್ಕೇ ಗಿರಣಿಯವರು ಅದನ್ನು ಸೂಜಿಹಕ್ಕಿ ಎಂದು ಕರೆದರು. ಇಲ್ಲಿ ಅದರ ಕೂಗನ್ನು ಮೊದಲು ಗುರುತಿಸಿದವರು ಮಾವ. ಮಗ ಹುಟ್ಟಿದ್ದಕ್ಕೂ ಅಷ್ಟು ಸಂಭ್ರಮಪಟ್ಟಿರಲಿಲ್ಲ ಎಂದು ಅತ್ತೆ ಹೇಳುತ್ತಾರೆ. ಆ ಮಗ ನನ್ನ ಗಂಡ, ಅವರೂ ಅಲ್ಲಗಳೆಯುವುದಿಲ್ಲ. ಜೊಂಡು ತೆಗೆದು ದೋಣಿವಿಹಾರದ ಕೊಳ ಮಾಡಬೇಕೆಂದು ನಗರಸಭೆ ಓಡಾಡುತ್ತಲೇ ಇತ್ತು. ಆ ಹಕ್ಕಿ ಬೇರೆಲ್ಲೂ ಬದುಕುವುದಿಲ್ಲ ಎಂಬ ಒಂದೇ ಮಾತಿನಿಂದ ಸಂಘ ಅದನ್ನು ತಡೆದು ನಿಲ್ಲಿಸಿತ್ತು.

ವರ್ಷಕ್ಕೊಮ್ಮೆ ಎಣಿಕೆ. ಹಕ್ಕಿ ಕಾಣುವುದಿಲ್ಲವಾದ್ದರಿಂದ ಎಣಿಸುವುದು ಕಿವಿಯಿಂದ. ಬೆಳಕು ಹರಿಯುವ ಮುನ್ನ ಒಬ್ಬೊಬ್ಬರು ಒಂದೊಂದು ಕಡೆ ಕೂರುತ್ತಾರೆ. ಕೊಕ್ಕರೆ ಕೂಗಿದರೆ ಎಡ ಜೇಬಿನ ಕರಿ ಗುಂಡಿಯೊಂದು ಬಲ ಜೇಬಿಗೆ ಹೋಗುತ್ತದೆ, ಸೂಜಿಹಕ್ಕಿ ಕೂಗಿದರೆ ಬಿಳಿ ಗುಂಡಿ. ಕೊನೆಗೆ ಎಲ್ಲರೂ ಬಲ ಜೇಬು ಕೊಡವಿ ತಟ್ಟೆಗೆ ಸುರಿಯುತ್ತಾರೆ. ವರ್ಷದಿಂದ ವರ್ಷಕ್ಕೆ ತಟ್ಟೆಯಲ್ಲಿ ಬಿಳಿ ಕಮ್ಮಿಯಾಗುತ್ತ ಬಂದಿತ್ತು. ಈ ಸಲ ಸುರಿದಾಗ ಒಂದೂ ಇರಲಿಲ್ಲ. ಕೆಸರಿನಲ್ಲಿ ಕೂರಲು ಹೊಸಬರು ಯಾರೂ ಬರುತ್ತಿರಲಿಲ್ಲವಾದ್ದರಿಂದ ಎಣಿಸಿದವರೆಲ್ಲ ಅದೇ ಗಿರಣಿಯವರು, ಅದೇ ವಯಸ್ಸಿನವರು. ಒಬ್ಬರಾದರೂ ಬೇರೆ ಮಾತು ಹೇಳಲಿಲ್ಲ. ಇಷ್ಟು ಒಮ್ಮತ ಆ ಸಂಘದಲ್ಲಿ ಹಿಂದೆಂದೂ ಕಂಡಿರಲಿಲ್ಲ.

ಮಾವನಿಗೆ ಊಟ ಸೇರದಾಯಿತು. ಆದರೂ ನಗರಸಭೆಯ ಎಂಜಿನಿಯರಿಗೆ ಫೋನ್ ಮಾಡಿಸಿದವರು ಅವರೇ. "ಇಲ್ಲದ ಹಕ್ಕಿ ಹೆಸರಲ್ಲಿ ಜಾಗ ಹಿಡ್ಕೊಂಡು ಕೂರೋದು ಮೋಸ," ಎಂದರು. ಭಾನುವಾರ ಬೆಳಗ್ಗೆ ಮರದ ಕೋಣೆಯಲ್ಲಿ ಸಂತಾಪ ಸಭೆ. ಆಮೇಲೆ ಎಂಜಿನಿಯರ್ ಬಂದು ಅಳತೆ ಹಿಡಿಯುವುದು ಎಂದಾಯಿತು.

ಮಾಮೂಲಾಗಿ ನಾನು ಅವರನ್ನೆಲ್ಲ ವ್ಯಾನಿನಲ್ಲಿ ತಂದು ಬಿಟ್ಟು ಸೀಟಿನಲ್ಲೇ ಒಂದು ನಿದ್ದೆ ತೆಗೆಯುತ್ತಿದ್ದೆ. ಸಾವಿನ ಮನೆಗೆ ಬಂದು ಹೊರಗೇ ಮಲಗುವುದು ಚೆನ್ನಾಗಿರುವುದಿಲ್ಲವೆಂದು ಆ ದಿನ ಮಾತ್ರ ಒಳಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆ. ಕಾರ್ಯದರ್ಶಿಗಳು ಗಂಟಲು ಸರಿಮಾಡಿಕೊಂಡು, ಅಗಲಿದ ಹಕ್ಕಿಯ ಗುಣಗಾನ ಶುರುಮಾಡಿದರು. ಕಿಟಕಿಯಿಂದ ಗಾಳಿ ಬೀಸಿದಾಗಲೆಲ್ಲ ಬಾಗಿಲು ಅಲ್ಲಾಡುತ್ತಿತ್ತು, ಎಲ್ಲೋ ಕಿರ್ರೆಂದು ಸದ್ದಾಗುತ್ತಿತ್ತು. ಹಲ್ಲು ಜುಮ್ಮೆನ್ನಿಸುವ ಸದ್ದು. ಇಷ್ಟೆಲ್ಲ ಕಟ್ಟಿದವರಿಗೆ ಬಾಗಿಲ ಕೀಲುಗಳಿಗೆ ಒಂದು ತೊಟ್ಟು ಎಣ್ಣೆ ಬಿಡಲಾಗಲಿಲ್ಲವೇ ಎಂದು ರೇಗಿತು. ಮೆಲ್ಲಗೆ ಎದ್ದು ಹೋಗಿ ವ್ಯಾನಿನಿಂದ ಎಣ್ಣೆ ಡಬ್ಬಿ ತಂದು ಎರಡೂ ಕೀಲುಗಳಿಗೆ ಬಿಟ್ಟೆ. ಬಾಗಿಲು ಬೆಣ್ಣೆಯ ಹಾಗೆ ತಿರುಗಿತು. ಸದ್ದು ನಿಲ್ಲಲಿಲ್ಲ.

ಮೌನಾಚರಣೆಗೆ ಎಲ್ಲರೂ ಎದ್ದು ನಿಂತರು. ಆ ನಿಶ್ಶಬ್ದದಲ್ಲಿ ಕಿರ್ರ್ ಕಿರ್ರ್ ತಲೆಯ ಮೇಲೇ ಕುಳಿತಂತಾಯಿತು. ತಡೆಯಲಾಗಲಿಲ್ಲ.

"ಅದೇನದು, ಆಗಲಿಂದ ಒಂದೇ ಸಮ ಕುಯ್ಯಿಗುಟ್ತಾ ಇರೋದು?" ಎಂದೆ.

ಯಾರೂ ತಿರುಗಲಿಲ್ಲ. ನಾನು ಅವರ ಬೆನ್ನ ಹಿಂದಿದ್ದೆ. ಎದುರಿಗೆ ನಿಂತಿದ್ದ ಕಾರ್ಯದರ್ಶಿಗಳು ಮಾತ್ರ ನನ್ನ ತುಟಿ ನೋಡಿ ಹುಬ್ಬುಗಂಟಿಕ್ಕಿದರು.

"ಏನು ಕುಯ್ಯಿಗುಟ್ತಿದೆ? ಇಲ್ಲೇನೂ ಇಲ್ವಲ್ಲ."

"ಕೇಳಿಸ್ತಿಲ್ವಾ ನಿಮಗೆ? ಟ್ಸೀ ಟ್ಸೀ ಟ್ಸೀರ್ರ್ ಅಂತ. ಕಿವಿ ಕಿತ್ತುಹೋಗ್ತಿದೆ ನನಗೆ."

ಕಾರ್ಯದರ್ಶಿಗಳ ತುಟಿ ನೋಡಿ ಮಾವ ಆಗಲೇ ನನ್ನ ಕಡೆ ತಿರುಗಿದ್ದರು. ಹತ್ತಿರ ಬಂದು, "ಇನ್ನೊಂದ್ಸಲ ಮಾಡಿ ತೋರಿಸು," ಎಂದರು. ತೋರಿಸಿದೆ. "ಕೊನೇದು ಎಳೀತದಾ, ತುಂಡಾಗ್ತದಾ?"

"ಎಳೀತದೆ ಮಾವ. ಎಳೆದು ಕೆಳಗೆ ಇಳೀತದೆ."

ಅವರ ಮುಖದ ಬಣ್ಣ ಇಳಿಯಿತು. ಕಾರ್ಯದರ್ಶಿಗಳು ನಡುವೆ ಬಂದು, "ನೋಡಮ್ಮ, ಮಾವನ ಸಂಕಟ ನೋಡಲಾರದೆ ಹೀಗೆಲ್ಲ ಹೇಳಬೇಡ. ಇಷ್ಟು ಜನ ಕೂತು ಕೇಳಿದೀವಿ," ಎಂದರು.

ನನಗೆ ಸಿಟ್ಟು ಬಂತು. ಸುಳ್ಳು ಹೇಳಿ ಆಗಬೇಕಾದದ್ದು ನನಗೇನೂ ಇರಲಿಲ್ಲ. ಕಿಟಕಿಯ ಹತ್ತಿರ ಹೋಗಿ ಸದ್ದು ಬರುತ್ತಿದ್ದ ಕಡೆಗೆ ಕೈ ತೋರಿಸಿದೆ. ಮಾವ ದುರ್ಬೀನು ಎತ್ತಿದರು. ನನ್ನ ಬೆರಳಿನ ನೇರಕ್ಕೆ, ಕಿಟಕಿಗೆ ತೀರಾ ಹತ್ತಿರದಲ್ಲೇ, ಒಂದು ಜೊಂಡಿನ ಕಡ್ಡಿ ಬಾಗಿತ್ತು. ಅದರ ಬುಡದಲ್ಲಿ ಕೆಸರಿನ ಮುದ್ದೆಯೊಂದು ಕುಳಿತಿತ್ತು. ಕೆಸರಿಗೆ ಕೊಕ್ಕಿತ್ತು.

ಮಾವ ಬಹಳ ಹೊತ್ತು ನೋಡಿದರು. ಬರಿಗಣ್ಣಿನಿಂದಲೂ ನನಗೆ ಕಾಣುತ್ತಿತ್ತು: ಕೊಕ್ಕು ತೆರೆಯುತ್ತದೆ, ಗಂಟಲು ನಡುಗುತ್ತದೆ, ಕೊಕ್ಕು ಮುಚ್ಚುತ್ತದೆ, ಮತ್ತೆ ತೆರೆಯುತ್ತದೆ. ಜೀವಮಾನವೆಲ್ಲ ಬಾಯಿ ನೋಡಿ ಮಾತು ತಿಳಿದವರಿಗೆ ಅದು ತಿಳಿಯದೇ ಇರುತ್ತದೆಯೇ? ನಾನು ಬಾಯಿ ಮುಚ್ಚಿಕೊಂಡು ಇರಬೇಕಿತ್ತು ಅನಿಸಿತು.

ಅವರು ದುರ್ಬೀನನ್ನು ಕಾರ್ಯದರ್ಶಿಗಳಿಗೆ ಕೊಟ್ಟರು. ಅದು ಕೈಯಿಂದ ಕೈಗೆ ಹೋಯಿತು. ಒಬ್ಬರು ಕಿರುಬೆರಳಿನಿಂದ ಕಿವಿ ತಿರುವಿ, ಮತ್ತೆ ಕಿವಿಗೊಟ್ಟು, ದುರ್ಬೀನನ್ನು ಪಕ್ಕದವರಿಗೆ ದಾಟಿಸಿದರು.

"ನಮಗೆ ಕೇಳಿಸಲಿಲ್ಲ ಅಂತ ಹೇಳೋದು ಬೇಡ," ಎಂದರು ಕಾರ್ಯದರ್ಶಿಗಳು ಕೊನೆಗೆ, ಸದ್ದಿಲ್ಲದ ತುಟಿಯಲ್ಲಿ. ಅಷ್ಟನ್ನು ಓದಲು ನನಗೂ ಬಂತು. "ಹಕ್ಕಿ ವಾಪಸ್ ಬಂದಿದೆ ಅಂದ್ಬಿಡೋಣ. ನಮ್ಮ ಮರ್ಯಾದೆ ಉಳೀತದೆ."

"ವಾಪಸ್ ಬರೋಕೆ ಅದು ಎಲ್ಲಿಗೆ ಹೋಗಿತ್ತು?" ಎಂದರು ಮಾವ, ಜೋರಾಗಿಯೇ.

ಹಲಗೆಯ ದಾರಿಯಲ್ಲಿ ಎಂಜಿನಿಯರ್ ಅಳತೆಯ ಟೇಪು ಹಿಡಿದು ಬರುತ್ತಿದ್ದರು. ಮಾವ ನೆಟ್ಟಗೆ ಎದುರು ನಡೆದರು. ಕೈ ಅಡ್ಡ ಹಿಡಿದು, ಮಗ್ಗಗಳ ನಡುವೆ ನಿಂತವರ ಹಾಗೆ ಕೂಗಿ ಹೇಳಿದರು: "ಅಳತೆ ಬೇಡ ಸ್ವಾಮಿ, ಹೋಗಿ. ಹಕ್ಕಿ ಇದೆ. ಹೋಗಿರೋದು ನಮ್ಮ ಕಿವಿ." ಎಂಜಿನಿಯರಿಗೆ ತಲೆಬುಡ ತಿಳಿಯಲಿಲ್ಲ. ಟೇಪು ಸುತ್ತಿಕೊಂಡು ಹಿಂದಿರುಗಿದರು.

ಎಲ್ಲರೂ ವ್ಯಾನು ಹತ್ತಿದರು. ಒಬ್ಬೊಬ್ಬರನ್ನೇ ಅವರವರ ಮನೆ ಮುಂದೆ ಇಳಿಸಿದೆ. ಕೊನೆಗೆ ಮುಂದಿನ ಸೀಟಿನಲ್ಲಿ ಮಾವ ಉಳಿದರು. ನಮ್ಮ ಬೀದಿಗೆ ತಿರುಗುವಷ್ಟರಲ್ಲಿ, "ಮತ್ತೆ ಅಲ್ಲಿಗೆ ಹೋಗೋಣವಾ?" ಎಂದರು. ಮಧ್ಯಾಹ್ನದ ಅಡುಗೆ ಆಗಿರಲಿಲ್ಲ. ವ್ಯಾನು ತಿರುಗಿಸಿದೆ.

ಜೌಗಿನ ಅಂಚಿಗೆ ತಂದು ಎಂಜಿನ್ ಆರಿಸಿ, ಗಾಜು ಇಳಿಸಿದೆ. ಅವರು ದುರ್ಬೀನು ಎತ್ತಲೂ ಇಲ್ಲ, ಜೊಂಡಿನ ಕಡೆ ನೋಡಲೂ ಇಲ್ಲ.

"ಕೂಗ್ತಿದೆಯಾ?"

"ಕೂಗ್ತಿದೆ ಮಾವ."

"ಒಂದೇನಾ?"

ನಾನು ಕಿವಿಗೊಟ್ಟೆ. ಮೊದಲನೆಯದರ ಹಿಂದೆ ಇನ್ನೊಂದು, ಅದಕ್ಕೂ ಆಚೆ, ನೀರಿನ ಆ ದಡದಲ್ಲಿ ಮತ್ತೊಂದು. ನಿದ್ದೆ ಹೊಡೆಯುತ್ತಿದ್ದ ದಿನಗಳಲ್ಲಿ ಇದೆಲ್ಲ ಇಲ್ಲೇ ಇದ್ದಿರಬೇಕು. "ತುಂಬಾ ಇವೆ," ಎಂದೆ.

"ಸರಿ, ನೀನು ಕೇಳ್ತಿರು," ಎಂದು ಮಾವ ಸೀಟಿನಲ್ಲಿ ನನ್ನ ಕಡೆಗೆ ತಿರುಗಿ ಕುಳಿತರು. ನಾನು ಜೊಂಡಿನತ್ತ ಕಿವಿಗೊಟ್ಟು ಕುಳಿತೆ. ಅವರು ರೆಪ್ಪೆ ಬಡಿಯದೆ ನನ್ನ ಮುಖವನ್ನೇ ನೋಡುತ್ತಿದ್ದರು.