ಮಾದರಿಯ ಹಿಡಿ

"ವೈ ಡು ಯು ವಾಂಟ್ ಕಾಮರ್ಸ್?" ಎಂದು ಜಂಬಪ್ಪ ಮೂಗಿನಿಂದ ಕೇಳಿದ. ಹೊಸಪೇಟೆ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ದೊರೆಗಳ ಬೈಗುಳ ತಿಂದವನು. ಊಟವಾದರೂ ತಪ್ಪೀತು, ಅವರ ದನಿಯ ಅಣಕು ಅವನಿಗೆ ತಪ್ಪುತ್ತಿರಲಿಲ್ಲ. ಕಂಪ್ಲಿಯಲ್ಲಿ ಅಕ್ಕನ ಮನೆಯ ಪಡಸಾಲೆಯಲ್ಲಿ ಸಂದರ್ಶನದ ತಾಲೀಮಿಗೆಂದು ಬೋಗುಣಿಯನ್ನೇ ಹ್ಯಾಟು ಮಾಡಿಕೊಂಡು ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

ಎದುರಿಗೆ ನಿಂತಿದ್ದ ಸೋದರಳಿಯ ಜಡೆಪ್ಪನಿಗೆ ನಗು ಬರುವಷ್ಟೂ ತ್ರಾಣವಿರಲಿಲ್ಲ. ಬಳ್ಳಾರಿಯ ಕಾಮರ್ಸ್ ಶಾಲೆಯವರು ಹಿಂದಿನ ಎರಡು ವರ್ಷವೂ ಸಂದರ್ಶನದಲ್ಲೇ ಅವನನ್ನು ಹಿಂದಕ್ಕೆ ಕಳಿಸಿದ್ದರು. ಈ ಸಲವೂ ಹಾಗಾದರೆ ಅಪ್ಪ ಗುಡ್ಡಪ್ಪನ ಭತ್ತದ ಮಂಡಿಯಲ್ಲಿ ಕೂತು ಮೀಸೆ ನರೆಯುವುದೇ ಗತಿ.

"ಟು ಸರ್ವ್ ದಿ ಕಂಟ್ರಿ, ಸರ್."

"ದೇಶಸೇವಾ ಅಂದ್ರ ಸಾಲಿಗಲ್ಲಲೇ, ಸೀದಾ ಜೇಲಿಗೆ ಕಳಸ್ತಾರ! ಕಂಪನಿ ಅನ್ನು, ಕಂಪನಿ."

"ಸಾಕು ಮಾವ. ಗಂಟಲ ಒಣಗೈತಿ."

"ನನಗೂ ಬೋಗುಣಿ ಒತ್ತಾಕತ್ತೈತಿ. ಇನ್ನೊಂದು ಸಲ ಹೇಳು, ಮುಗಸೋಣ."

ಬಳ್ಳಾರಿಯಲ್ಲಿ ಅವನ ಸರದಿ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಬೆಂಚಿನ ಮೇಲೆ ಕೂತು ಕೂತು ಕಲಿತ ಇಂಗ್ಲಿಷೆಲ್ಲ ಬೆವರಿನ ಜೊತೆ ಹರಿದುಹೋಗಿತ್ತು. ಒಳಗೆ ಪ್ರಿನ್ಸಿಪಾಲ ದೊರೆ ಅರೆನಿದ್ದೆಯಲ್ಲಿದ್ದ. ಪಕ್ಕದಲ್ಲಿ ಶಾಲೆಗೆ ಕಟ್ಟಡ ಕಟ್ಟಿಸಿಕೊಟ್ಟ ದೊಡ್ಡ ಸಾಹುಕಾರರು, ತಲೆಗೆ ಜರಿ ರುಮಾಲು. ಅವರು ಕನ್ನಡದಲ್ಲೇ ಕೇಳಿದರು.

"ಕಂಪ್ಲಿ ಮಂಡಿಯವರೇನಪಾ? ಹಂಗಾರ ಒಂದು ಹೇಳು. ಕೊಂಡ ದರಕ್ಕ ಮಾರಿದರೂ ಲಾಭ ಹೆಂಗ ಬರ್ತೈತಿ?"

ಮಾವನ ಪಾಠದಲ್ಲಿ ಇದಿರಲಿಲ್ಲ. ದಣಿದ ಬಾಯಿಗೆ ನಿಜವೇ ಬಂತು.

"ಮಾದರಿ ತಗೀತೀವ್ರಿ. ಚೀಲದ ಬಾಯಾಗ ಒಂದು ಹಿಡಿ, ನಡುವ ಒಂದು, ತಳದಾಗ ಒಂದು. ನೋಡಿ ನಮ್ಮ ಬುಟ್ಟಿಗೆ ಹಾಕ್ಕೊಂತೀವ್ರಿ. ತಿರುಗಿ ಚೀಲಕ್ಕ ಹಾಕಂಗಿಲ್ಲ. ಆಮ್ಯಾಲೆ ತೂಕ. ಬುಟ್ಟಿಗೆ ಬಿದ್ದದ್ದಕ್ಕ ರೊಕ್ಕ ಇಲ್ರಿ."

"ರೈತ ಸುಮ್ಮನಿರ್ತಾನೇನು?"

"'ನೋಡದ ಹೆಂಗ ಕೊಳ್ಳಾದೋ ತಮ್ಮಾ' ಅಂತೀವ್ರಿ."

ಅದನ್ನು ಹೇಳುವಾಗ ಅವನ ಬಾಯಲ್ಲಿ ಅಪ್ಪನ ದನಿಯೇ ಹೊರಟಿತು. ಸಾಹುಕಾರರು ರುಮಾಲು ಜಾರುವಂತೆ ನಕ್ಕು, ದೊರೆಯನ್ನು ಎಬ್ಬಿಸಿ ಇಂಗ್ಲಿಷಿನಲ್ಲಿ ತಿಳಿಸಿದರು. ದೊರೆಯೂ ನಕ್ಕ. "ಬಾರ್ನ್ ಮರ್ಚೆಂಟ್!" ಎಂದು ಅಲ್ಲೇ ಸೀಟು ಕೊಟ್ಟುಬಿಟ್ಟ.

ರೈಲಿನಲ್ಲಿ ಜಡೆಪ್ಪ ಖುಷಿಗಾಗಿ ಕಾದ. ಬರಲಿಲ್ಲ. ಶಾಲೆಗೆ ಸೇರುವ ಮೊದಲೇ ಅಲ್ಲಿಯ ಪಾಠವೆಲ್ಲ ಮುಗಿದುಹೋದಂತಿತ್ತು. ಹುಟ್ಟಿದಾಗಿನಿಂದ ಉಂಡ ಅನ್ನ ಆ ಬುಟ್ಟಿಯದು. ಅದು ನಗುವ ಸಂಗತಿಯೆಂದು ಇಷ್ಟು ದಿನ ಅವನಿಗೆ ಗೊತ್ತಿರಲಿಲ್ಲ. ಚೀಲ ತಂದ ರೈತರು ಯಾರೂ ನಕ್ಕದ್ದನ್ನು ಅವನು ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಹೊಳೆಯಾಚೆಯ ಊರಿನ ಹೊಳೆಮ್ಮ ಒಂದೇ ಒಂದು ಚೀಲ ಭತ್ತ ತಂದಿದ್ದಳು. ಗುಡ್ಡಪ್ಪ ಮಗನನ್ನು ಹೆಮ್ಮೆಯಿಂದ ಮುಂದಕ್ಕೆ ತಳ್ಳಿದ. "ಇವತ್ತು ಮಾದರಿ ನೀನ ತಗಿಯಪಾ, ಮರ್ಚೆಂಟಾ."

ಜಡೆಪ್ಪ ಹಿಡಿ ತೆಗೆದ, ಅಂಗೈಯಲ್ಲಿ ತಿಕ್ಕಿ ನೋಡಿದ, ತಿರುಗಿ ಚೀಲಕ್ಕೆ ಹಾಕಿದ.

"ಲೇ, ಬುಟ್ಟಿ ಈ ಕಡೆ ಐತಿ."

"ಗೊತ್ತೈತಪಾ." ಎರಡನೆಯ ಹಿಡಿಯೂ ಚೀಲಕ್ಕೇ ಹೋಯಿತು.

ಗುಡ್ಡಪ್ಪ ದನಿ ತಗ್ಗಿಸಿದ. "ಅಜ್ಜನ ಕಾಲದ ಪದ್ಧತಿ ಅದು. ಇಲಿ ತಿಂತಾವ, ನೆಲ್ಲು ಒಣಗಿ ತೂಕ ಇಳಿತೈತಿ. ಎಲ್ಲಾ ಅದರಾಗ ತೂಗಿಸಬೇಕು. ನಾವೇನು ಕಳ್ಳರೇನು?"

"ಆ ಲುಕ್ಸಾನಿನಷ್ಟು ದರದಾಗ ಕಡಿಮಿ ಹೇಳೋಣಪಾ. ಆಕಿ ಕಿವಿಗೆ ಬೀಳಂಗ ಹೇಳೋಣ. ಒಪ್ಪಿದರ ಕೊಡ್ತಾಳ, ಇಲ್ಲಾಂದ್ರ ಇಲ್ಲ."

ಅಷ್ಟರಲ್ಲಿ ಮೂರನೆಯ ಹಿಡಿಯೂ ಚೀಲ ಸೇರಿದ್ದನ್ನು ಕಂಡು ಹೊಳೆಮ್ಮನ ಮುಖ ಬಾಡಿತು. ಅವಳು ಕಂಡ ಮಂಡಿಗಳಲ್ಲಿ ಮಾದರಿ ಹಿಂದಕ್ಕೆ ಹಾಕಿದರೆಂದರೆ ಮಾಲು ಬೇಡವೆಂದೇ ಅರ್ಥ.

"ಯಾಕ್ರೀ ಸಾವ್ಕಾರ್ರ, ನನ್ನ ನೆಲ್ಲು ಬ್ಯಾಡೇನ್ರಿ? ಜೊಳ್ಳು ಇಲ್ರೀ, ನಾನ ಕೇರೀನಿ."

"ಬೇಕವ್ವ. ಭಾಳ ಚಲೋ ಅದಾವ. ನಿನ್ನವು ನಿನಗ ಹಾಕೀನಿ, ಅಷ್ಟ."

ಗುಡ್ಡಪ್ಪ ಸುಸ್ತಾದವನಂತೆ ಗೋಡೆಗೆ ಒರಗಿ, "ತೂಗಲೇ ಮತ್ತ," ಎಂದ.

ಹೊಳೆಮ್ಮ ನಂಬಲಿಲ್ಲ. ಚೀಲ ತಕ್ಕಡಿಗೆ ಏರುವವರೆಗೂ ಅದರ ಬಾಯಿಯ ಮೇಲಿಟ್ಟ ಕೈ ತೆಗೆಯಲಿಲ್ಲ.