ತೀರಾ ಚೆನ್ನಾಗಿದ್ದ ಜಾಗ

ಪುಟ್ಟಿಗೆ ಆ ದಿನ ಕುರ್ಚಿಯೇ ಕೆಂಡವಾಗಿತ್ತು. ಕೂತರೆ ಏಳಬೇಕು, ಎದ್ದರೆ ಮತ್ತೆ ಬಂದು ಪರದೆ ನೋಡಬೇಕು. "ಏನೇ, ಕಾಲಿಗೆ ಚಕ್ರ ಕಟ್ಕೊಂಡಿದೀಯಾ?" ಎಂದು ಪಕ್ಕದ ಮೇಜಿನವಳು ಕೇಳಿಯೂ ಬಿಟ್ಟಳು.

ಮನೆಯಲ್ಲಿ ಪುಟ್ಟಿ, ಕಚೇರಿಯಲ್ಲಿ ಮೇಡಂ. ನೆಲದಡಿಯ ಗ್ಯಾಸ್ ಪೈಪಿಗೆ ಎಲ್ಲೆಲ್ಲಿ ತುಕ್ಕು ಹಿಡಿದಿದೆ ಎಂದು ಹೇಳುವುದು ಅವಳ ಕೆಲಸ. ಪೈಪಿನೊಳಗೆ ಗ್ಯಾಸಿನ ಒತ್ತಡಕ್ಕೇ ಮುಂದೆ ಸರಿಯುವ ಉದ್ದನೆಯ ಯಂತ್ರವೊಂದಿದೆ. ಕೊಳಕಿನಲ್ಲಿ ಮೂತಿ ತೂರಿಸಿಕೊಂಡು ಹೋಗುತ್ತದಲ್ಲ, ಅದಕ್ಕೇ ಕೆಲಸದವರು ಅದನ್ನು ಹಂದಿ ಅನ್ನುತ್ತಾರೆ. ಅದರ ಮೈಸುತ್ತ ಇರುವ ಸೆನ್ಸರುಗಳು ಪೈಪಿನ ಒಳಗೋಡೆಯನ್ನು ಸವರಿಕೊಂಡೇ ಸಾಗಬೇಕು. ಗೋಡೆ ಸವೆದ ಕಡೆ ಪರದೆಯ ಮೇಲಿನ ಗೆರೆ ಕುಣಿಯುತ್ತದೆ. ನಡುವೆ ಪೈಪಿನೊಳಗೆ ಕೂತ ಕಪ್ಪು ಪುಡಿಯೋ ಕಸವೋ ಸಿಕ್ಕಿತೋ, ಮುಗೀತು. ಸೆನ್ಸರು ಗೋಡೆ ಬಿಟ್ಟು ಮೇಲೇಳುತ್ತದೆ, ಅಡಿಯ ತುಕ್ಕು ಅದಕ್ಕೆ ಸರಿಯಾಗಿ ಕಾಣುವುದೇ ಇಲ್ಲ. ಅದಕ್ಕೆಂದೇ ಮೊದಲು ತಂತಿ ಬ್ರಷ್ ಕಟ್ಟಿದ ಇನ್ನೊಂದು ಹಂದಿಯನ್ನು ಮತ್ತೆ ಮತ್ತೆ ಬಿಟ್ಟು ಪೈಪು ಉಜ್ಜಿಸುತ್ತಾರೆ.

ಈ ಸಲ ಉಜ್ಜಿಸಿದವನು ಪುಟ್ಟಿಯ ಭಾವ, ಅಕ್ಕನ ಗಂಡ. ಅಪ್ಪ ಅಮ್ಮ ಇಲ್ಲದ ಹುಡುಗಿಯನ್ನು ಸ್ವಂತ ಮಗಳ ಹಾಗೆ ಸಾಕಿ, ಓದಿಸಿ, ಇದೇ ಕಂಪನಿಗೆ ಕೈಹಿಡಿದು ಕರೆತಂದವನು.

ಪರದೆಯಲ್ಲಿ ಎಲ್ಲಾ ಚೆನ್ನಾಗೇ ಇತ್ತು. ಹಾಳಾದ್ದು, ಅದೇ ತೊಂದರೆ! ಹಳೇ ಪೈಪು, ಉದ್ದಕ್ಕೂ ಅಷ್ಟಿಷ್ಟು ತುಕ್ಕಿದೆ. ಹಳ್ಳದ ಅಡಿ ತಗ್ಗಿಗಿಳಿಯುವ ಕಡೆ ಮಾತ್ರ ತಳದ ಗೆರೆಗಳು ನಿದ್ದೆ ಹೋದ ಹಾಗೆ ನೆಟ್ಟಗೆ ಮಲಗಿದ್ದವು. ಪೈಪಿಗೆ ಪೈಪು ಸೇರಿಸಿದ ಬೆಸುಗೆ ಉಂಗುರದಂತೆ ಸುತ್ತಲೂ ಒಂದೇ ಸಮ ಕಾಣಬೇಕು. ಆ ತಗ್ಗಿನಲ್ಲಿ ಮೇಲ್ಭಾಗದಲ್ಲಿ ಢಾಳಾಗಿದ್ದ ಬೆಸುಗೆ ಕೆಳಗೆ ಬರುತ್ತ ಮಸುಕಾಗಿ ಹೋಗಿತ್ತು. ಅರ್ಧ ಬೆಸುಗೆಯ ಪೈಪು ಯಾರಾದರೂ ಹೂಳುತ್ತಾರೆಯೇ? ಬೆಸುಗೆ ಇದೆ, ಸೆನ್ಸರಿಗೆ ಕಂಡಿಲ್ಲ. ಬೆಸುಗೆಯೇ ಕಾಣದ್ದಕ್ಕೆ ತುಕ್ಕು ಕಂಡೀತೇ?

ಸೋಮವಾರ ಆ ಪೈಪಿನಲ್ಲಿ ಒತ್ತಡ ಏರಿಸುವವರಿದ್ದರು. ಇವಳು 'ಸರಿಯಿದೆ' ಎಂದು ಬರೆಯುವುದೊಂದೇ ಬಾಕಿ. ಹಳ್ಳದ ದಂಡೆಯಲ್ಲಿ ಬಸ್ ಡಿಪೋ, ಡ್ರೈವರುಗಳು ಮಲಗುವ ಕೋಣೆ ಪೈಪಿನಿಂದ ಕೂಗಳತೆಯಲ್ಲಿ. ಹಾಗಂತ 'ಮತ್ತೆ ಉಜ್ಜಿ' ಎಂದು ಬರೆದರೆ ಭಾವನ ಕಥೆ ಮುಗಿದಂತೆ. ಹಿಂದೊಮ್ಮೆ ಹೀಗೇ ಆದಾಗ ದೊಡ್ಡ ಸಾಹೇಬರು ಎಲ್ಲರೆದುರೇ ಹೇಳಿದ್ದರು: ಇನ್ನೊಂದು ಸಲ ಆದರೆ ತಂಡ ಬೇರೆಯವರಿಗೆ, ನೀನು ಸಾಮಾನು ಕೊಡೋ ಸ್ಟೋರಿಗೆ. ಆ ತಂಡವೆಂದರೆ ಭಾವನಿಗೆ ಪ್ರಾಣ.

ಮಧ್ಯಾಹ್ನ ತಡೆಯಲಾರದೆ ಕಂಪನಿಯ ಅಂಗಳಕ್ಕೆ ಹೋದಳು. ಭಾವ ಶಿಳ್ಳೆ ಹಾಕುತ್ತ ಬ್ರಷ್ ಹಂದಿಯನ್ನು ಒರೆಸುತ್ತಿದ್ದ.

"ಬಾರೇ ಪುಟ್ಟಿ! ವರದಿ ಕೊಟ್ಟಾಯ್ತಾ?"

"ಭಾವ, ಹಳ್ಳದ ತಗ್ಗಲ್ಲಿ ಪುಡಿ ಉಳಿದಿದೆ ಅನ್ಸುತ್ತೆ."

ಶಿಳ್ಳೆ ನಿಂತಿತು. "ಪುಡಿನಾ? ಕೊನೇ ಸಲ ಬಿಟ್ಟಾಗ ಇದು ಹೇಗೆ ಬಂತು ಗೊತ್ತಾ? ಮದುವೆಗೆ ಹೊರಟ ಹಾಗೆ! ಬ್ರಷ್ಷಲ್ಲಿ ಒಂದು ಚಿಟಿಕೆ ಪುಡಿ ಇಲ್ಲ. ಬ್ರಷ್ ಸ್ವಚ್ಛ ಅಂದ್ರೆ ಪೈಪು ಸ್ವಚ್ಛ. ಕೂದಲು ನೆರೆಸ್ಕೊಂಡಿರೋದು ಇದರಲ್ಲೇ ನಾನು."

"ಒಂದ್ಸಲ ನೋಡ್ಲಾ?"

"ನೋಡು, ಯಾರು ಬೇಡ ಅಂದ್ರು?"

ಪುಟ್ಟಿ ಬ್ರಷ್ಷಿನ ಮೇಲ್ಭಾಗದ ಮೇಲೆ ಅಂಗೈ ಇಟ್ಟಳು. ತಂತಿ ಚುಚ್ಚಿ ಕೈ ತಾನಾಗಿಯೇ ಹಿಂದೆ ಬಂತು. ಬಗ್ಗಿ ತಳಭಾಗ ಸವರಿದಳು. ಬೆಕ್ಕಿನ ಬೆನ್ನು ಸವರಿದ ಹಾಗಿತ್ತು. ಹಂದಿ ತನ್ನ ಭಾರವನ್ನೆಲ್ಲ ತಳಕ್ಕೇ ಹಾಕಿ ಉಜ್ಜಿ ಉಜ್ಜಿ, ಅಲ್ಲಿಯ ತಂತಿಗಳು ಬುಡದವರೆಗೆ ಸವೆದಿದ್ದವು. ಕೊನೆಯ ಸಲ ಅದು ಪುಡಿಯ ಮೇಲೆ ಜಾರಿಕೊಂಡು ಬಂದಿದೆ ಅಷ್ಟೇ. ಸ್ವಚ್ಛವಾಗಿ ಬರದೆ ಇನ್ನೇನು?

"ಭಾವ, ಇಲ್ಲಿ ಕೈ ಇಟ್ಟು ನೋಡಿ. ಚುಚ್ಚೋದೇ ಇಲ್ಲ."

ಭಾವ ಕೈ ಇಡಲಿಲ್ಲ. ಇಡದೆಯೇ ಅವನಿಗೆ ಗೊತ್ತಾಗಿತ್ತು, ಮುಖ ಹಾಗೆ ಇಳಿದುಹೋಗಿತ್ತು. "ನಿಂಗೆ ಹೇಗೆ ತೋಚುತ್ತೋ ಹಾಗೆ ಬರಿ" ಎಂದು ಒರೆಸುವ ಬಟ್ಟೆ ಬಿಸಾಕಿ ನಡೆದ.

ಸಂಜೆ ಮನೆಗೆ ಬಂದರೆ, ಆಗಲೇ ವಿಷಯ ತಿಳಿದಿದ್ದ ಅಕ್ಕ ಬಾಗಿಲಲ್ಲೇ ಹಿಡಿದಳು. "ಉಂಡ ಮನೆಗೆ ಎರಡು ಬಗೀತೀಯೇನೇ?"

"ಅಕ್ಕಾ, ಆ ಡಿಪೋದಲ್ಲಿ ಜನ ಮಲಗ್ತಾರೆ."

"ನಿನ್ನ ಭಾವ ಮಲಗೋದು ಬೇಡ್ವಾ?"

ಪುಟ್ಟಿ ಚಪ್ಪಲಿ ಬಿಟ್ಟು ನೇರ ತನ್ನ ಕೋಣೆಗೆ ಹೋದಳು. ಬೆಳಿಗ್ಗೆ ಕಚೇರಿಗೆ ಹೋಗಿ, ಮೊದಲು ಬಚ್ಚಲಮನೆಯ ಚಿಲಕ ಹಾಕಿಕೊಂಡು ಮನಸಾರೆ ಅತ್ತಳು. ಆಮೇಲೆ ಮುಖ ತೊಳೆದು ಬಂದು 'ಮತ್ತೆ ಉಜ್ಜಿ' ಎಂದು ಬರೆದಳು.

ಹೊಸ ಬ್ರಷ್ ಹಾಕಿ ಹಂದಿ ಬಿಟ್ಟರೆ, ಅಬ್ಬಬ್ಬಾ, ಕಪ್ಪು ಪುಡಿ ಬಕೆಟ್ಟುಗಟ್ಟಲೆ ಬಂತು. ಎರಡನೇ ಸಲ ಸೆನ್ಸರು ಹೋದಾಗ ಆ ತಗ್ಗಿನ ತಳದ ಗೆರೆಗಳು ಹುಚ್ಚೆದ್ದು ಕುಣಿದವು. ಅಗೆದು ಆ ತುಂಡು ಕತ್ತರಿಸಿ ತೆಗೆದಾಗ ಗೋಡೆ ಡಬ್ಬಿಯ ಮುಚ್ಚಳದಷ್ಟು ತೆಳ್ಳಗೆ ಉಳಿದಿತ್ತು. ಸಾಹೇಬರು ಪುಟ್ಟಿಯ ಬೆನ್ನು ತಟ್ಟಿದರು, ಅದೇ ಬಾಯಲ್ಲಿ ಭಾವನನ್ನು ಸ್ಟೋರಿಗೆ ಕಳಿಸಿದರು. "ಅವರು ಬೇಕಂತ ಮಾಡಿದ್ದಲ್ಲ ಸಾರ್" ಎಂದು ಅವಳು ಗೋಗರೆದದ್ದು ಗೋಡೆಗೆ ಹೇಳಿದಂತಾಯಿತು.

ಮನೆಯಲ್ಲಿ ಮಾತು ನಿಂತಿತು. ಒಂದೇ ಮೇಜಿನಲ್ಲಿ ಊಟ, ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ. ಪುಟ್ಟಿ ಬೇಗ ಬೇಗ ನುಂಗಿ ಎದ್ದುಬಿಡುತ್ತಿದ್ದಳು.

ಹೀಗೇ ವಾರಗಳು ಕಳೆದ ಮೇಲೆ ಒಂದು ಸಂಜೆ ಭಾವ ಊಟಕ್ಕೆ ಕೂತಾಗ ಅಕ್ಕ ಕೂಗಿಕೊಂಡಳು. "ಅಯ್ಯೋ, ಅಂಗೈಯೆಲ್ಲ ಏನ್ರೀ ಹೀಗೆ ಗೀರಿಹೋಗಿದೆ?"

"ಸ್ಟೋರಿಂದ ಹೊರಗೆ ಹೋಗೋ ಬ್ರಷ್ಷನ್ನೆಲ್ಲ ಮುಟ್ಟಿ ನೋಡಿ ಕಳಿಸ್ತೀನಿ" ಎಂದ ಭಾವ. ಆಮೇಲೆ ಪುಟ್ಟಿಯ ಕಡೆ ತಿರುಗಿ ಅಂಗೈ ಬಿಚ್ಚಿ ಮುಂದೆ ಹಿಡಿದ. "ಈಗ ಸುತ್ತಲೂ ಚುಚ್ಚುತ್ತೆ ಕಣೇ, ಪುಟ್ಟಿ."

ಅಕ್ಕ ಒಳಗೆ ಹೋಗಿ ಮುಲಾಮು ತಂದವಳು ಗಂಡನ ಕಡೆ ಹೋಗಲಿಲ್ಲ. ಅದನ್ನು ತಂಗಿಯ ಕೈಗೆ ಇಟ್ಟು, "ನೀನೇ ಹಚ್ಚು" ಎಂದಳು.